ಬೀಗರಿಗೆ ಬುರುಗಿನ ಸ್ನಾನ

"ತೊಟ್ಟಿ ನೀರು ಬೇಕಾದ್ರೆ ಕುಡೀಬಹುದು, ಅಷ್ಟು ಶುದ್ಧ" ಎಂದು ಹಾರ್ಲನ್ ಹೇಳಿದಾಗಲೆಲ್ಲ ಅವನ ಹೆಂಡತಿ ವಿವಿಯನ್ "ಹಾಗಾದ್ರೆ ಕುಡಿ" ಎನ್ನುತ್ತಿದ್ದಳು. ಅವನು ಎಂದೂ ಕುಡಿದವನಲ್ಲ. ಆದರೆ ಮಿನ್ನೆಸೋಟದ ಆ ಪುಟ್ಟ ಊರಿನಲ್ಲಿ, ಮೂಗಿನ ಕೂದಲೂ ಹೆಪ್ಪುಗಟ್ಟುವ ಜನವರಿಯಲ್ಲಿ, ಹಿತ್ತಿಲ ಹಿಮದ ನಡುವೆ ಹಬೆಯಾಡುತ್ತಿದ್ದ ಆ ಬಿಸಿನೀರಿನ ತೊಟ್ಟಿ ಅವನ ಪಾಲಿಗೆ ಪುಣ್ಯತೀರ್ಥ. ಅದಕ್ಕೆ ಅವನೇ ಅರ್ಚಕ. ಎದ್ದ ಕೂಡಲೇ ಬಣ್ಣ ಬದಲಿಸುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಕ್ಲೋರಿನ್ ಹೆಚ್ಚೋ ಕಡಿಮೆಯೋ ನೋಡಿ, ಪಂಪಿನ ಗುಂಯ್ ಎನ್ನುವ ನಾದಕ್ಕೆ ಕಿವಿಗೊಟ್ಟ ಮೇಲೆಯೇ ಕಾಫಿ. (ಹೆಂಡತಿಗೆ ಜ್ವರ ಬಂದಾಗ ಇಷ್ಟು ವಿಚಾರಿಸಿದವನಲ್ಲ.)

ಆ ಭಾನುವಾರ ಬೀಗರು ಬರುವವರಿದ್ದರು. ಮಗಳು ಕರ್ಸ್ಟಿನ್ ಮದುವೆಯಾಗಲಿದ್ದ ಟಾಡ್‌ನ ಅಪ್ಪ ಅಮ್ಮ, ಲಾಯ್ಡ್ ಮತ್ತು ಡೋಲೋರಿಸ್, ಅವನ ಜೊತೆ ಮೊದಲ ಸಲ ಮನೆಗೆ ಊಟಕ್ಕೆ ಬರುತ್ತಿದ್ದರು. ಬೀಗರ ಮುಂದೆ ಸ್ವಲ್ಪ ಬೀಗಬೇಕು ಎಂಬುದು ಹಾರ್ಲನ್‌ನ ಆಸೆ. ಮಗಳು ತಲೆ ತಗ್ಗಿಸುವಂತಾಗಬಾರದು ಎಂಬುದು ವಿವಿಯನ್‌ಳ ಆಸೆ. ಎರಡೂ ಒಂದೇ ಎಂದು ಅವನು ತಿಳಿದಿದ್ದ.

ಬೆಳಿಗ್ಗೆ ಮುಚ್ಚಳ ತೆಗೆದರೆ ತೀರ್ಥ ಅಕ್ಕಿ ತೊಳೆದ ನೀರಾಗಿತ್ತು. ಪಂಪು ಗೂರಲು ಬಂದ ಮುದುಕನಂತೆ ಏದುಸಿರು ಬಿಡುತ್ತಿತ್ತು. ಫಿಲ್ಟರ್ ಹೊರಗೆಳೆದ. ಅದರ ತುಂಬ ಮಡಿಕೆಗಳಿದ್ದವು, ಮಡಿ ಮಾತ್ರ ಇರಲಿಲ್ಲ. ಇಡೀ ಚಳಿಗಾಲದ ಮೈಜಿಡ್ಡು ಅಲ್ಲಿ ವಾಸವಾಗಿತ್ತು. ಅದನ್ನು ಅದರದ್ದೇ ದ್ರಾವಣದಲ್ಲಿ ದಿನವಿಡೀ ನೆನೆಹಾಕಿ, ಜೋರು ನೀರು ಬಿಟ್ಟು ತೊಳೆಯಬೇಕು. ದಿನವಿರಲಿಲ್ಲ, ಹಿತ್ತಿಲ ನೀರಿನ ಪೈಪು ಮರಗಟ್ಟಿ ದೊಣ್ಣೆಯಾಗಿತ್ತು. ಚರ್ಚಿನಲ್ಲಿ ಕಾಫಿ ಕಾಯಿಸುವ ಸರದಿ ಇದ್ದದ್ದರಿಂದ ವಿವಿಯನ್ ಬೇಗನೆ ಹೊರಟುಹೋಗಿದ್ದಳು. ಹಾರ್ಲನ್ ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದ. ಡಿಶ್‌ವಾಷರ್ ಕಂಡಿತು.

ಬಿಸಿನೀರು ಇಲ್ಲೂ ಇದೆ, ಚಿಮ್ಮುವುದೂ ಹಾಗೆಯೇ. ಇಂಥ ಸರಳ ಸತ್ಯ ಇದುವರೆಗೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮನುಕುಲದ ಬಗ್ಗೆ ಮರುಕಪಟ್ಟ. ಸೋಪು ಧಾರಾಳವಾಗಿಯೇ ಸುರಿದ. ತೊಳೆದಾದ ಮೇಲೆ ಫಿಲ್ಟರ್ ಮಲ್ಲಿಗೆಯಂತೆ ಬಿಳಿಯಾಗಿತ್ತು. ತಂದು ತೊಟ್ಟಿಯೊಳಗೆ ಕೂರಿಸಿದ. ಬೀಗರು ಬರುವ ಹೊತ್ತಿಗೆ ನೀರೂ ತಿಳಿಯಾಗಿತ್ತು.

ತೊಟ್ಟಿಗಿಳಿಯಿರಿ ಎಂದರೆ ಬೀಗರು ಬೇಡ ಎಂದರು. ಇನ್ನೊಮ್ಮೆ ಕರೆದಾಗ ನಿಮಗೇಕೆ ತೊಂದರೆ ಎಂದರು. ಮೂರನೆಯ ಸಲಕ್ಕೆ, ಅಷ್ಟು ಹೇಳುತ್ತಿದ್ದೀರಿ ಎಂದು, ಚೀಲದಲ್ಲಿ ಸಿದ್ಧವಾಗಿಯೇ ಇದ್ದ ಈಜುಡುಗೆ ಹೊರತೆಗೆದರು. ಆ ಸೀಮೆಯ ಮರ್ಯಾದೆಯೇ ಹಾಗೆ.

ಬೀಗರಿಬ್ಬರ ಜೊತೆ ತಾನೂ ಕುತ್ತಿಗೆಯವರೆಗೆ ಮುಳುಗಿ ಕೂತ ಮೇಲೆ ಹಾರ್ಲನ್ ಗತ್ತಿನಿಂದ ನೀರು ಚಿಮ್ಮಿಸುವ ಗುಂಡಿ ಒತ್ತಿದ. ಮೊದಲು ಒಂದಿಷ್ಟು ನೊರೆ. ಲಾಯ್ಡ್ ಹವಾಮಾನದ ಮಾತೆತ್ತಿದ. ನೊರೆ ಎದೆಗೆ ಬಂತು. ಡೋಲೋರಿಸ್ ಈ ಸಲ ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ ಎಂದು ಕೇಳಿದಳು. ನೊರೆ ಗಲ್ಲ ದಾಟಿ, ಲಾಯ್ಡ್‌ನ ಮೀಸೆ ಮುಚ್ಚಿ, ತೊಟ್ಟಿಯ ಅಂಚು ಮೀರಿ ಹಿಮದ ಮೇಲೆ ಹರಿಯಿತು. ಯಾವುದು ಹಿಮ, ಯಾವುದು ಬುರುಗು ಎಂದು ತಿಳಿಯದಾಯಿತು. ಬೀಗರ ಮನೆಯಲ್ಲಿ ಮೊದಲು ಏಳುವವರು ತಾವಾಗಬಾರದೆಂದು ಯಾರೂ ಏಳಲಿಲ್ಲ. ಕೊನೆಗೆ ಬುರುಗಿನೊಳಗಿಂದ ಲಾಯ್ಡ್‌ನ ದನಿ ಕೇಳಿತು:

"ಇದು ಸ್ವಲ್ಪ... ಬೇರೆ ಥರ ಇದೆ."

ಆ ಊರಿನಲ್ಲಿ "ಬೇರೆ ಥರ" ಎಂದರೆ ನಮ್ಮಲ್ಲಿ ಉಗಿದು ಉಪ್ಪಿನಕಾಯಿ ಹಾಕಿದಂತೆ. ಹಾರ್ಲನ್‌ನ ಬಾಯಿಂದ ತಾನಾಗಿ ಹೊರಟಿತು: "ಈಜುಡುಗೇಲಿ ಸೋಪಿನ ಅಂಶ ಉಳಿದಿದ್ರೆ ಒಂದೊಂದ್ಸಲ ಹೀಗಾಗುತ್ತೆ."

ಅದು ಸುಳ್ಳಲ್ಲ, ಯಾವ ತೊಟ್ಟಿಯವನನ್ನು ಕೇಳಿದರೂ ಹೇಳುತ್ತಾನೆ. ಆದರೆ ಡೋಲೋರಿಸ್‌ಳ ಮುಖ ಬಿಳುಚಿತು. ಬೀಗರ ಮನೆಗೆ ಕೊಳೆ ಬಟ್ಟೆ ತರಬಾರದೆಂದು ಅವಳು ಈಜುಡುಗೆಗಳನ್ನು ಒಂದು ಮುಷ್ಟಿ ಸೋಪು ಹೆಚ್ಚಿಗೆ ಹಾಕಿಯೇ ಒಗೆದಿದ್ದಳಂತೆ.

ಊಟಕ್ಕೆ ಕೂತರೂ ಅವಳ ಕ್ಷಮಾಯಾಚನೆ ಮುಗಿಯಲಿಲ್ಲ. ಮಾಂಸ, ತರಕಾರಿ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಬಿಸಿಬಿಸಿಯಾಗಿತ್ತು, ಮೇಲೆ ಆಲೂಗಡ್ಡೆ ಉಂಡೆಗಳು ಹೊಂಬಣ್ಣಕ್ಕೆ ತಿರುಗಿದ್ದವು, ಅವಳು ಮುಟ್ಟಲಿಲ್ಲ. ಟಾಡ್ ಅಮ್ಮನ ಸೋಪಿನ ಹುಚ್ಚಿನ ಬಗ್ಗೆ ಏನೋ ಗೊಣಗಿದ. ಅಮ್ಮನ ಹತ್ತಿರ ಹೀಗಾ ಮಾತಾಡೋದು ಎಂದು ಕರ್ಸ್ಟಿನ್ ಅವನ ಮೇಲೆ ಸಿಡುಕಿದಳು. ಅವನು ಮುಖ ತಿರುಗಿಸಿದ.

"ಮೊದಲ್ನೇ ಸಲ ಬಂದು ಹೀಗೆ ಮಾಡ್ಬಿಟ್ನಲ್ಲ" ಎಂದಳು ಡೋಲೋರಿಸ್, ಕಣ್ಣೊರೆಸಿಕೊಳ್ಳುತ್ತ. "ಮದುವೇಲಿ ನಾನು ಹಿಂದಿನ ಸಾಲಲ್ಲೇ ಕೂತ್ಕೋತೀನಿ."

ಹಾರ್ಲನ್ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಗಂಡಿನ ತಾಯಿಯನ್ನು ಹಿಂದಿನ ಸಾಲಿಗೆ ತಳ್ಳಿದ ಪುಣ್ಯಾತ್ಮ ತಾನು.

"ಅದು ನಿಮ್ಮ ಸೋಪಲ್ಲ ಡೋಲೋರಿಸ್. ನಮ್ಮದು" ಎಂದ. "ಫಿಲ್ಟರ್‌ನ ಡಿಶ್‌ವಾಷರಲ್ಲಿ ತೊಳೆದಿದ್ದೆ."

ಡೋಲೋರಿಸ್‌ಳ ಮುಖ ಅರಳಿತು. ಲಾಯ್ಡ್ ಮೇಜು ಕುಟ್ಟಿ ನಕ್ಕ. ಟಾಡ್ ಅಮ್ಮನ ಭುಜ ತಟ್ಟಿದ. ಅವಳು ಮೊದಲ ತುತ್ತು ಬಾಯಿಗಿಟ್ಟು, ಬಹಳ ರುಚಿಯಾಗಿದೆ ಎಂದಳು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ವಿವಿಯನ್ ಮಾತ್ರ ನಗಲಿಲ್ಲ.

"ಯಾವಾಗ?" ಎಂದಳು.

"ಬೆಳಿಗ್ಗೆ. ನೀನು ಚರ್ಚಿಗೆ ಹೋದ್ಮೇಲೆ."

"ಬೆಳಿಗ್ಗೆ ಅದರೊಳಗೆ ನಮ್ಮಮ್ಮನ ಪಿಂಗಾಣಿ ತಟ್ಟೆ ಜೋಡಿಸಿಟ್ಟು ಹೋಗಿದ್ದೆ. ಇವತ್ತಿನ ಊಟಕ್ಕೆ ಅಂತ."

"ಇದ್ವು. ಸ್ವಲ್ಪ ಪಕ್ಕಕ್ಕೆ ಸರಿಸ್ದೆ." ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಸೇರಿಸಿದ: "ಬೇರೆ ಬೇರೆ ತೊಳೆದ್ರೆ ನೀರು ದಂಡ ಅಂತ."

ಎಲ್ಲರ ಚಮಚಗಳೂ ನಿಂತವು. ಹಾಟ್‌ಡಿಶ್‌ನ ಅಡಿಯಿಂದ ತಟ್ಟೆಯ ನೀಲಿ ಹೂಗಳು ಒಂದೊಂದಾಗಿ ಇಣುಕುತ್ತಿದ್ದವು. ಲಾಯ್ಡ್ ಬಾಯಲ್ಲಿದ್ದದ್ದನ್ನು ಬಹಳ ಹೊತ್ತು ಆಲೋಚಿಸಿ ನುಂಗಿದ. ಯಾರಾದರೂ ಒಂದು ಮಾತು ಬೈದಿದ್ದರೆ ಹಾರ್ಲನ್ ಬದುಕಿಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. ನಾಳೆ ಇನ್ನೂ ಹಿಮ ಬೀಳಬಹುದು ಎಂದಳು ಡೋಲೋರಿಸ್.

ಮದುವೆ ಸಾಂಗವಾಗಿ ನಡೆಯಿತು. ಬೀಗರದು ಈಗಲೂ ಬಹಳ ಪ್ರೀತಿ. ಆಗಾಗ ಬರುತ್ತಾರೆ, ತೊಟ್ಟಿಗೂ ಇಳಿಯುತ್ತಾರೆ. ಬರುವಾಗ ಡೋಲೋರಿಸ್ ಒಂದು ಕೇಕು ತರುತ್ತಾಳೆ, ಅದರ ಜೊತೆಗೆ ಒಂದು ಕಟ್ಟು ಕಾಗದದ ತಟ್ಟೆ. ವಿವಿಯನ್‌ಗೆ ತೊಳೆಯೋ ಕೆಲಸ ತಪ್ಪಲಿ ಅಂತ, ಅಷ್ಟೇ ಎನ್ನುತ್ತಾಳೆ. ವಿವಿಯನ್ ಅಷ್ಟೇ ವಿನಯದಿಂದ ಇಸಿದುಕೊಂಡು ಎಲ್ಲರಿಗೂ ಒಂದೊಂದು ಹಾಕುತ್ತಾಳೆ. ಆಮೇಲೆ ಕಪಾಟು ತೆರೆದು, ನೀಲಿ ಹೂವಿನ ಪಿಂಗಾಣಿ ತಟ್ಟೆಯೊಂದನ್ನು ತಂದು ಹಾರ್ಲನ್‌ನ ಮುಂದೆ ಇಡುತ್ತಾಳೆ.