ಪಗಾರ ಕೇಳಲು ಕೊಟ್ಟ ರಕ್ತ

ಇನ್ನೊಬ್ಬರ ಸಂಬಳ ಕೇಳುವುದು ಮರ್ಯಾದೆಯಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಒಂದೇ ವಾರದಲ್ಲಿ ಮೂವರನ್ನು ಕೇಳಿದ್ದೇನೆ, ಅದೂ ಅವರು ನನ್ನ ತೋಳಿಗೆ ಸೂಜಿ ಚುಚ್ಚುತ್ತಿರುವಾಗ. ನಾನು ಧೈರ್ಯವಂತನೇನಲ್ಲ. ಇಪ್ಪತ್ತಾರು ವರ್ಷದಿಂದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರೂ, ಒಳಗೆ ಬೀಟ್‌ರೂಟ್ ಹೆಚ್ಚುವುದು ಕಂಡರೆ ಮುಖ ತಿರುಗಿಸುವವನು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ಹೆಚ್ಚು ಕಡಿಮೆ ಮಾಡದೆ ಹೇಳುತ್ತೇನೆ.

ಮಗಳು ನಿಶಾ ಹನ್ನೆರಡನೆಯ ತರಗತಿ ಮುಗಿಸಿ, ಲ್ಯಾಬ್ ಟೆಕ್ನಿಷಿಯನ್ ಆಗುತ್ತೇನೆಂದಳು. ಎರಡು ವರ್ಷದ ಡಿಪ್ಲೊಮಾ. ದಾರಿಯೂ ಎರಡು. ಒಂದು, ಗಾಜಿನ ಕಟ್ಟಡದ ಖಾಸಗಿ ಸಂಸ್ಥೆ. ಶುಲ್ಕ ಮೂರೂವರೆ ಲಕ್ಷ. ಸಾಲ ಅವರೇ ಕೊಡಿಸುತ್ತಾರೆ, ನಾನು ಮಗಳ ಜೊತೆ ಸಹಿ ಹಾಕಬೇಕು. ಇನ್ನೊಂದು, ಹಳೆಯದೊಂದು ಧರ್ಮಾಸ್ಪತ್ರೆ. ಅರವತ್ತು ಸಾವಿರ, ಗೋಡೆಯ ಬಣ್ಣ ಉದುರುತ್ತಿದೆ, ಫ್ಯಾನು ನರಳುತ್ತದೆ. ಗಾಜಿನ ಕಟ್ಟಡದ ಮೇಡಮ್ ನಮ್ಮನ್ನು ಎಸಿಯಲ್ಲಿ ಕೂರಿಸಿ, "ಅಂಕಲ್, ಶುರುವಿಗೇ ಮೂವತ್ತೈದು ಸಾವಿರ ಪಗಾರ" ಎಂದು ಹಿಂದಿಯಲ್ಲಿ ಹೇಳಿದರು. ಆ ತಂಪಿನಲ್ಲಿ ನನಗೂ ನಿಜವೆನಿಸಿತು. ಮನೆಗೆ ಬಂದು ಫ್ಯಾನಿನ ಕೆಳಗೆ ಲೆಕ್ಕ ಹಾಕಿದರೆ ಕಂತು ತಿಂಗಳಿಗೆ ಏಳೂವರೆ ಸಾವಿರ, ಐದು ವರ್ಷ. ಮೂವತ್ತೈದು ಬಂದರೆ ಕಟ್ಟಬಹುದು. ಬಾರದಿದ್ದರೆ, ಇಪ್ಪತ್ತರ ಹುಡುಗಿ ಇಪ್ಪತ್ತೈದರವರೆಗೆ ಬ್ಯಾಂಕಿಗೇ ದುಡಿಯಬೇಕು. ಶನಿವಾರದೊಳಗೆ ಒಂದು ಕಡೆ ಸೀಟು ಹಿಡಿಯಬೇಕಿತ್ತು.

ನಮ್ಮ ಧಣಿಗಳದೊಂದು ಮಾತಿದೆ: "ಹೋಟೆಲ್ ಇಡುವ ಮೊದಲು ಎದುರಿನ ಹೋಟೆಲಿನಲ್ಲಿ ಮೂರು ದಿನ ಊಟ ಮಾಡು ಮಾರಾಯ. ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಗಿರಾಕಿಯಾಗಿ ಕೂತರೆ ಎಲ್ಲ ಕಾಣ್ತದೆ." ನಾನು ಇದನ್ನೇ ಲ್ಯಾಬಿಗೂ ಹಚ್ಚಿದೆ. ಹೋಟೆಲಿನಲ್ಲಿ ಗಿರಾಕಿಗೆ ಏನಾದರೂ ಕೊಡುತ್ತಾರೆ, ಇಲ್ಲಿ ಗಿರಾಕಿಯಿಂದ ತೆಗೆದುಕೊಳ್ಳುತ್ತಾರೆ ಎಂಬುದು ಕುರ್ಲಾದ ಲ್ಯಾಬಿನ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದ ಮೇಲೆ ಹೊಳೆಯಿತು.

ಇದ್ದುದರಲ್ಲಿ ಅಗ್ಗವೆಂದರೆ ಸಕ್ಕರೆಯ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕಣ್ಣು ಮುಚ್ಚಿಕೊಂಡೇ, "ಪಗಾರ್ ಕಿತನಾ?" ಎಂದೆ. "ಅಂಕಲ್, ಮುಠ್ಠೀ ಬಂದ್ ಕರೋ," ಎಂದ ಕುರ್ಲಾದವನು. ಮುಷ್ಟಿ ಬಿಗಿಹಿಡಿದೆ. ಕೊನೆಗೆ ಹತ್ತಿ ಒತ್ತುವಾಗ ಕನಿಕರದಿಂದ, ಹದಿನಾಲ್ಕು ಸಾವಿರ ಎಂದ. ಓದಿದ್ದು ಖಾಸಗಿಯಲ್ಲಿ.

ಮರುದಿನ ಬೈಕುಲ್ಲಾ. ಪಗಾರ ಕೇಳಿದ್ದೇ ಅಲ್ಲಿನ ಹುಡುಗಿ ನಕ್ಕುಬಿಟ್ಟಳು. "ಕ್ಯೂಂ ಅಂಕಲ್, ರಿಶ್ತಾ ಲಾಯೇ ಹೋ ಕ್ಯಾ?" ನಾನು ಅವಳಿಗೆ ಸಂಬಂಧ ತಂದಿದ್ದೇನೆಂದು ಅವಳ ಗುಮಾನಿ. ಮಗಳ ವಿಷಯ ಹೇಳಿದೆ. ಅವಳು ಕಲಿತದ್ದು ಅದೇ ಧರ್ಮಾಸ್ಪತ್ರೆಯಲ್ಲಿ. ಪಗಾರ ಹದಿನಾರು, ಕಂತು ಇಲ್ಲ. "ಇನ್ನೂ ಚುಚ್ಚಿಲ್ಲವೇ?" ಎಂದು ಕಣ್ಣು ಬಿಟ್ಟರೆ, ಅವಳು ಆಗಲೇ ನಳಿಕೆಗೆ ನನ್ನ ಹೆಸರು ಅಂಟಿಸುತ್ತಿದ್ದಳು.

ಮೂರನೆಯದು ಘಾಟ್ಕೋಪರ್. ಸೂಜಿ ತಾಗಿದ್ದೇ "ಅಯ್ಯೋ ದೇವರೇ!" ಎಂದೆ. ಚುಚ್ಚಿದವನ ಮುಖ ಅರಳಿತು. "ಕನ್ನಡದವ್ರೇನ್ರಿ ಕಾಕಾ? ಮೊದಲ ಹೇಳಬಾರ್ದೇನ್ರಿ!" ವಿಜಯಪುರದ ಕಡೆಯವನು. ನಾನು ಪ್ರಶ್ನೆ ಮುಂದಿಟ್ಟೆ. "ನಾ ಕಲ್ತದ್ದೂ ಅದ ಗಾಜಿನ ಬಿಲ್ಡಿಂಗ್‌ನ್ಯಾಗ ರೀ. ಹದಿನಾರು ಸಾವಿರ ಪಗಾರ, ಹತ್ರ ಹತ್ರ ಅರ್ಧ ಬ್ಯಾಂಕಿಗೆ. ಅಲ್ಲಿ ಕಲಿಯಾಕ ರಬ್ಬರ್ ಕೈ ಕೊಟ್ಟಿದ್ರು. ರಬ್ಬರ್ ಕೈ ಎಂದೂ ಅಯ್ಯೋ ಅನ್ನಂಗಿಲ್ಲ ನೋಡ್ರಿ. ಆಸ್ಪತ್ರ್ಯಾಗ ಕಲ್ತವ್ರು ಮನಷ್ಯಾರ ಕೈ ಹಿಡಿದಿರ್ತಾರ. ಕೆಲಸ ಕೊಡೋರು ಬಿಲ್ಡಿಂಗ್ ನೋಡಂಗಿಲ್ರಿ, ಕೈ ನೋಡ್ತಾರ." ಇಷ್ಟು ಹೇಳಿ, "ನರ ಸಿಗಲಿಲ್ರಿ ಕಾಕಾ," ಎಂದು ಎರಡನೆಯ ಸಲ ಚುಚ್ಚಿದ. ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಬೇಕಿರಲಿಲ್ಲ.

ಮನೆಯಲ್ಲಿ ಹೆಂಡತಿ ವಸಂತಿ ಬಾಗಿಲಲ್ಲೇ ತಡೆದಳು. "ಮೂರು ದಿನದಿಂದ ತಿಂಡಿ ಮುಟ್ಟದೆ ಹೋಗ್ತೀರಲ್ಲ, ಇದು ಯಾವ ದೇವರ ಹರಕೆ?" ಅಂಗಿಯ ತೋಳು ಮೇಲೆತ್ತಿ ತೋರಿಸಿದೆ: ನಾಲ್ಕು ಚುಕ್ಕೆ. ಆಮೇಲೆ ತಾಯಿ ಮಗಳನ್ನು ಕೂರಿಸಿ ತೀರ್ಪು ಓದಿದೆ: "ಪಗಾರ ಎರಡೂ ಕಡೆಯವರಿಗೆ ಹೆಚ್ಚುಕಡಿಮೆ ಒಂದೇ. ಸಾಲ ಮಾತ್ರ ಒಂದು ಕಡೆಯವರಿಗೆ. ಆದ್ದರಿಂದ ಧರ್ಮಾಸ್ಪತ್ರೆ."

ನಿಶಾ ಮೊಬೈಲಿನಿಂದ ಕಣ್ಣೆತ್ತಿದಳು. "ಪಪ್ಪಾ, ನಾನು ಸೋಮವಾರವೇ ಅಲ್ಲಿಯ ಫಾರ್ಮ್ ಭರ್ತಿ ಮಾಡಿದೆ. ಒಂದು ಸೀನಿಯರ್ ದೀದಿಗೆ ಫೋನ್ ಮಾಡಿ ಕೇಳಿದೆ ನಾ. ಪಾಂಚ್ ಮಿನಿಟ್. ನಿನ್ನ ಹಾಂ ಮಾತ್ರ ಬೇಕಿತ್ತು."

"ಮತ್ತೆ ನನಗೆ ಹೇಳಬಾರದಿತ್ತೇ?"

"ನೀನು ಸುಬಹ್ ಸುಬಹ್ ಎದ್ದು ಎಲ್ಲಿ ಹೋಗ್ತಿದ್ದಿ, ನೀನು ಹೇಳಿದಿ ಕ್ಯಾ?"

ವಸಂತಿ ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ನನ್ನ ಸಂಶೋಧನೆಗೆ ಬೆಲೆ ಬರಲೆಂದು ಮೂರೂ ಲ್ಯಾಬಿನ ರಿಪೋರ್ಟುಗಳನ್ನು ಮಗಳ ಮುಂದಿಟ್ಟೆ. ನಾನಿನ್ನೂ ತೆರೆದು ನೋಡಿರಲಿಲ್ಲ. ನೋಡಬೇಕಾದದ್ದು ಅವುಗಳಲ್ಲಿದೆ ಎಂದು ಅನಿಸಿರಲಿಲ್ಲ. ನಿಶಾ ಒಂದೊಂದಾಗಿ ಓದಿದಳು. ಮುಖ ಗಂಭೀರವಾಯಿತು, ಆಗಲೇ ಬಿಳಿ ಕೋಟು ತೊಟ್ಟವಳಂತೆ. "ಮಮ್ಮಿ, ಇವರ ಚಹಾದ ಶಕ್ಕರ್ ಬಂದ್. ಮೂರೂ ಲ್ಯಾಬ್ ಸೇಮ್ ಮಾತು ಹೇಳ್ತಿದೆ."

ಮೂರೂವರೆ ಲಕ್ಷದ ಸಾಲಕ್ಕೆ ನಾನು ಸಹಿ ಹಾಕಲಿಲ್ಲ. ಆದರೂ ದಿನವೂ ಬೆಳಿಗ್ಗೆ, ಊರಿಗೆಲ್ಲ ಸಿಹಿ ಚಹಾ ಹೋಗುವ ಕೌಂಟರಿನಲ್ಲಿ ಕುಳಿತು ನನ್ನ ಸಪ್ಪೆ ಲೋಟ ಎತ್ತುವಾಗ, ಯಾವುದೋ ಕಂತು ಕಟ್ಟುತ್ತಿರುವಂತೆಯೇ ಅನಿಸುತ್ತದೆ. ಐದು ವರ್ಷಕ್ಕೆ ತೀರುತ್ತದೆಯೇ ಎಂದು ಮಗಳನ್ನು ಕೇಳಿದೆ. ಇಲ್ಲವಂತೆ.