ಕಾಕಾನ ಪೆಡಲಿಗೆ ಬಂದ ಕಾಯಿಲೆ

ಒದ್ದ ಮೇಲೆ ಕೈಮುಗಿಯುವ ಮನುಷ್ಯರನ್ನು ನೀವು ನೋಡಿದ್ದೀರಾ? ನೋಡಿರದಿದ್ದರೆ ವಾಡಿಗೆ ಬನ್ನಿ. ನಮ್ಮ ಮನೆಯ ಪಡಸಾಲೆಯಲ್ಲೇ ಒಬ್ಬರಿದ್ದಾರೆ. ಅಪ್ಪನ ತಮ್ಮ, ನನ್ನ ಕಾಕಾ. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದವರು, ಮದುವೆಯ ಗೋಜಿಗೆ ಹೋಗದವರು, ಗಿಟಾರ್ ಬಾರಿಸಿ ಇಡೀ ಓಣಿಯ ಮಧ್ಯಾಹ್ನದ ನಿದ್ದೆ ಕೆಡಿಸುವವರು.

ಅವರು ಒದೆಯುವುದು ಒಂದು ಪೆಡಲನ್ನು. ಸೈಕಲ್ಲಿನದಲ್ಲ! ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂರುವ, ಊಟದ ಡಬ್ಬಿಯಷ್ಟಿರುವ ಕಬ್ಬಿಣದ ಪೆಟ್ಟಿಗೆ. ಮೇಲಿನ ಗುಂಡಿಯನ್ನು ಕಾಲಿನಿಂದ ಒಮ್ಮೆ ಒತ್ತಿದರೆ ಗಿಟಾರಿನ ದನಿ ಗರಗರ ಒಡೆದು ಅಬ್ಬರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಸಾದಾ ದನಿ. ಕಾಕಾ ಪ್ರಾಯದಲ್ಲಿದ್ದಾಗ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಬಣ್ಣ ಯಾವುದಿತ್ತೆಂದು ಈಗ ಅವರಿಗೂ ನೆನಪಿಲ್ಲ.

ವಿದ್ಯೆಯ ವಸ್ತುವಿಗೆ ಕಾಲು ತಾಗಿಸಬಾರದು ಎಂದು ನಮ್ಮಜ್ಜಿ ಕಲಿಸಿದ್ದರು. ಪೆಡಲ್ ಮಾಡಿದವನು ಅದನ್ನು ಕಾಲಿಗೆಂದೇ ಮಾಡಿದ್ದ. ಕಾಕಾ ಇಬ್ಬರಿಗೂ ಬೇಸರವಾಗದಂತೆ ರಾಜಿ ಮಾಡಿಕೊಂಡರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒತ್ತುವುದು, ಒತ್ತಿದ ಕೂಡಲೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು! ಅಷ್ಟರಲ್ಲಿ ಹಾಡು ಎಲ್ಲಿಗೋ ಹೋಗಿರುತ್ತದೆ. ತಬಲಾದವರು ಗೊಣಗಿದರೆ, "ಅವಸರ ಯಾಕ? ಹಾಡೇನು ರೈಲೇನು, ಬಿಟ್ಟು ಹೋಗ್ಲಿಕ್ಕೆ?" ಎನ್ನುತ್ತಾರೆ.

ಹೋದ ವರ್ಷ ನಮ್ಮ ಓಣಿಯ ಗಣಪತಿಯ ಮುಂದೆ ಪೆಡಲ್ ಕೈಕೊಟ್ಟಿತು. ಅಬ್ಬರಿಸಬೇಕಾದ ಕಡೆ ಗಿಟಾರ್ ಕಿಣಿಕಿಣಿ ಎಂದಿತು, ಮೆಲ್ಲಗೆ ನುಡಿಯಬೇಕಾದ ಕಡೆ ಗರಗರ ಎಂದಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಮನೆಗೆ ಬಂದು ಊಟ ಮಾಡಲಿಲ್ಲ.

"ಒಮ್ಮೆ ಹತ್ತತದ, ಒಮ್ಮೆ ಹತ್ತಂಗಿಲ್ಲ. ಮುಂದಿನ ಗಣಪತಿಗಿ ಇದು ನೆಟ್ಟಗಾಗ್ಲಿಲ್ಲಂದ್ರ ನಾ ಗಿಟಾರ್ ಮುಟ್ಟಂಗಿಲ್ಲ ನೋಡವ್ವಾ" ಎಂದರು.

ಓಣಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ! ಆದರೆ ಗಿಟಾರ್ ಇಲ್ಲದ ಕಾಕಾನನ್ನು ನೆನೆಸಿಕೊಳ್ಳಲು ನನ್ನಿಂದಾಗಲಿಲ್ಲ. ಅವರಿಗೆ ಬೇರೆ ಏನಿದೆ? ಹೀಗಾಗಿ ವಾರವಿಡೀ ಚಿತ್ತಾಪುರದ ಕಚೇರಿಯಲ್ಲಿ ದುಡಿದು ದಣಿಯುವ ನಾನು, ಇದ್ದೊಂದು ಭಾನುವಾರವನ್ನೂ ಪೆಡಲಿಗೆ ಬರೆದುಕೊಟ್ಟೆ.

ಮೊದಲು ಶಹಾಬಾದಿಗೆ. ಸ್ಕೂಟಿಯ ಹಿಂದೆ ಕಾಕಾ, ಅವರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಪೆಡಲ್. ಟಿವಿ ರಿಪೇರಿಯವನು ಹೆಬ್ಬೆರಳಿನಿಂದ ಒತ್ತಿದ, ಹತ್ತಿತು. ಮತ್ತೆ ಒತ್ತಿದ, ಆರಿತು. "ಇದಕ್ಕೇನೂ ಆಗಿಲ್ರಿ" ಎಂದ.

"ಅಂಗಡ್ಯಾಗ ಶಾಣ್ಯಾ ಆಗ್ತದ್ರಿ ಇದು, ಮನ್ಯಾಗ ಹಟ ಮಾಡ್ತದ" ಎಂದರು ಕಾಕಾ.

ಪ್ಯಾಸೆಂಜರ್ ಗಾಡಿ ಹತ್ತಿ ಸೇಡಂಗೆ ಹೋದೆವು. ಅಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಚಾಚಾ ಪೆಟ್ಟಿಗೆ ಬಿಚ್ಚಿ, ಉಫ್ ಎಂದು ಊದಿ, "ಬರಾಬರಿ ಅದ ಸಾಬ್. ಬ್ಯಾಡಂದ್ರೂ ಕೇಳಂಗಿಲ್ಲ ನೀವು, ಸ್ವಿಚ್ ಹೊಸಾದು ಹಾಕ್ತೀನಿ" ಎಂದರು. ಹಾಕಿದರು. ಮನೆಗೆ ಬಂದು ಕಾಕಾ ಒತ್ತಿದರೆ ಮತ್ತೆ ಅದೇ ಕಥೆ! ಸೇಡಂ ಆಚೆಯ ಚಂದಾಪುರದಲ್ಲಿ ಒಬ್ಬ ಕೈಗುಣದವನಿದ್ದಾನೆ ಎಂದು ಯಾರೋ ಹೇಳಿದರು. ಉರಿಬಿಸಿಲಲ್ಲಿ ಬಸ್ಸಿನಲ್ಲಿ ಕುಲುಕಿಕೊಂಡು ಹೋದರೆ, ಅವನು ಅಂಗಡಿಗೆ ಬೀಗ ಹಾಕಿ ಬೀಗರೂರಿಗೆ ಹೋಗಿದ್ದ.

ನನಗೆ ಸಾಕುಸಾಕಾಯಿತು. ಆನ್‌ಲೈನಿನಲ್ಲಿ ಹೊಸ ಪೆಡಲನ್ನೇ ತರಿಸಿ ಅವರ ಮುಂದಿಟ್ಟೆ. ಕಾಕಾ ಅದನ್ನು ಹಳೆಯದರ ಪಕ್ಕ ಕಪಾಟಿನಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದರು. ಮರುದಿನ ಬಾರಿಸಲು ಕೂತವರು ಕೂಗಿದರು.

"ಯವ್ವಾ! ಇದಕ್ಕೂ ಅದೇ ರೋಗ ಹತ್ಯಾದ! ಬಾಜೂಕ ಇಡಬಾರದಿತ್ತು, ಹಳೀದ್ರದ್ದು ಹೊಸಾದಕ್ಕ ಅಂಟಿಬಿಟ್ಟದ!"

ಪೆಡಲಿನಿಂದ ಪೆಡಲಿಗೆ ಅಂಟುವ ರೋಗ! ನಗಬೇಕೋ ಅಳಬೇಕೋ ತಿಳಿಯದೆ ಹೋಗಿ ಮಲಗಿಬಿಟ್ಟೆ. ಇಷ್ಟಕ್ಕೇ ನನಗೆ ಬುದ್ಧಿ ಹೊಳೆಯಬೇಕಿತ್ತು, ಆದರೆ ದಣಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು?

ಗಣಪತಿ ಹಬ್ಬ ವಾರವಿದೆ ಎನ್ನುವಾಗ, ಸಂಜೆ ಕಚೇರಿಯಿಂದ ಬಂದವಳು ಪಡಸಾಲೆಯಲ್ಲಿ ನಿಂತುಬಿಟ್ಟೆ. ಶಹಾಬಾದಿ ಕಲ್ಲಿನ ನೆಲದ ಮೇಲೆ, ಅಡುಗೆಮನೆಯಿಂದ ಕಾಕಾನ ಕುರ್ಚಿಯವರೆಗೆ ಕೆಂಪು ಹೆಜ್ಜೆಗಳು. ಕಾಕಾ ಆರಾಮಾಗಿ ಕೂತು ತಂತಿ ಶ್ರುತಿ ಮಾಡುತ್ತಿದ್ದರು.

"ಕಾಕಾ, ಕಾಲಿಗೇನಾಗ್ಯಾದ? ರಕ್ತ!"

"ಯಾರ ಕಾಲಿಗಿ?" ಎಂದರು ಅವರು.

ಪಾದ ಎತ್ತಿ ನೋಡಿದೆ. ಹೊಸ ತಂತಿ ಹಾಕುವಾಗ ಅವರೇ ಕತ್ತರಿಸಿ ಎಸೆದ ಉಕ್ಕಿನ ತುಂಡು ಅಂಗಾಲಿಗೆ ಪೂರ್ತಿ ಇಳಿದಿತ್ತು. ನಾನು ಅದನ್ನು ಎಳೆದು ತೆಗೆಯುವಾಗಲೂ ಕಾಕಾ ಶ್ರುತಿ ಮಾಡುತ್ತಲೇ ಇದ್ದರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿದೆ, ಪಾದಗಳಿಗೆ ಸ್ಪರ್ಶವೇ ಗೊತ್ತಾಗುತ್ತಿಲ್ಲ, ಈ ಗಾಯ ಕೆಟ್ಟರೆ ಕಾಲಿಗೇ ಅಪಾಯ ಎಂದರು. ಇನ್ನು ಬರಿಗಾಲಲ್ಲಿ ಓಡಾಡಕೂಡದು. ನನಗೆ ಆಗ ಎಲ್ಲವೂ ಅರ್ಥವಾಯಿತು. ಕಾಕಾ ಗುಂಡಿ ಒತ್ತುತ್ತಿದ್ದರು, ಒತ್ತಿದ್ದು ಕಾಲಿಗೆ ತಿಳಿಯುತ್ತಿರಲಿಲ್ಲ, ಮತ್ತೆ ಒತ್ತುತ್ತಿದ್ದರು. ಹತ್ತಿದ್ದು ಆರುತ್ತಿತ್ತು. ಕೆಟ್ಟದ್ದು ಪೆಡಲಲ್ಲ.

ಇದನ್ನೇ ಮೆಲ್ಲಗೆ ಬಿಡಿಸಿ ಹೇಳಿದೆ. ಕಾಕಾ ಮುಖ ಅರಳಿಸಿ ಹೇಳಿದರು.

"ಹಂಗಾದ್ರ ಪೆಡಲ್ ಬರಾಬರಿ ಅದ ಅನ್ನು!"

ಡಾಕ್ಟರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ?

ಗಣಪತಿಯ ಮುಂದೆ ಕಾಕಾ ಕುರ್ಚಿಯಲ್ಲಿ ಕೂತು ಬಾರಿಸಿದರು. ಬ್ಯಾಂಡೇಜ್ ಕಟ್ಟಿದ ಕಾಲು ಮಣೆಯ ಮೇಲಿತ್ತು. ಕೆಳಗೆ ನಾನು, ನನ್ನ ಮುಂದೆ ಆ ಹಳೇ ಪೆಡಲ್. ಅವರು ತಲೆಯಾಡಿಸಿದಾಗ ನಾನು ಕೈಯಿಂದ ಗುಂಡಿ ಒತ್ತಬೇಕು. ಎರಡು ಸಲ ತಪ್ಪಿದೆ. "ಲಕ್ಷ್ಯ ಎಲ್ಲದ ಬೇ?" ಎಂದು ಹಾಡಿನ ನಡುವೆಯೇ ಬೈದರು.

ಲಕ್ಷ್ಯ ಎಲ್ಲಿರಬೇಕು? ಬಗ್ಗುವಾಗ ನನ್ನ ಮೊಣಕೈ ಅವರ ಗಾಯದ ಕಾಲಿಗೆ ಬಡಿದಿತ್ತು. ತಟ್ಟನೆ ತಲೆ ಎತ್ತಿ ನೋಡಿದೆ. ಕಾಕಾ ಕಣ್ಣು ಮುಚ್ಚಿ ಬಾರಿಸುತ್ತಿದ್ದರು, ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ.

ಆ ಪಾದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಬಲಗೈಯಿಂದ ಪೆಡಲ್ ಒತ್ತುತ್ತಾ, ಹಾಡು ಮುಗಿಯುವವರೆಗೂ ಎಡಗೈಯನ್ನು ಅವರ ಪಾದದ ಮೇಲೆಯೇ ಇಟ್ಟುಕೊಂಡು ಕೂತಿದ್ದೆ. ಕಾಕಾನಿಗೆ ಗೊತ್ತೇ ಆಗಲಿಲ್ಲ.