ಸೀಟಿನಡಿಯ ಪರಮ ರಹಸ್ಯ

ಆ ಭಾನುವಾರ ಎವಾರಿಸ್ತೋ ಮಾಕೇರಾನ ಕಾರು ಸ್ಟಾರ್ಟ್ ಆಗಲಿಲ್ಲ ಎಂದಷ್ಟೇ ಹೇಳಿದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವನ ಪ್ರಕಾರ ಕಾರು ತಾನಾಗಿ ಕೆಟ್ಟದ್ದಲ್ಲ, ಯಾರೋ ಕೆಡಿಸಿದ್ದರು. ಯಾರು ಎಂಬುದೂ ಅವನಿಗೆ ಗೊತ್ತಿತ್ತು. ಹೆಂಡತಿಯ ತಮ್ಮ ಲಿಯೋನ್ಸಿಯೋ.

ಮೊಕೇಗುವಾ ಪುರಸಭೆಯ ಉಗ್ರಾಣವನ್ನು ಇಪ್ಪತ್ತಾರು ವರ್ಷ ಕಾಯ್ದ ಮನುಷ್ಯ ಎವಾರಿಸ್ತೋ. ಅಷ್ಟು ವರ್ಷಗಳಲ್ಲಿ ಉಗ್ರಾಣದ ಒಂದು ಪೊರಕೆಯೂ ಕಳುವಾಗಲಿಲ್ಲ, ಅವನಿಗೆ ಒಬ್ಬ ಸ್ನೇಹಿತನೂ ಸಿಗಲಿಲ್ಲ. ಮನೆಯಲ್ಲಿ ಪಿಸ್ಕೋ ಸಾರಾಯಿಯ ಬಾಟಲಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಿದ್ದ. (ಹೆಂಡತಿ ಎರ್ಮೀನಿಯಾ ಪ್ರತಿ ಸಲವೂ ಆ ಗೆರೆಯನ್ನೇ ಒರೆಸಿ ಕೆಳಗೆ ಎಳೆಯುತ್ತಿದ್ದಳು, ಅದು ಬೇರೆ ವಿಷಯ.) ಇಂಥವನು ಕಾರು ಕೊಂಡಾಗ ಸುಮ್ಮನಿರುತ್ತಾನೆಯೇ? ದೂರದ ತಕ್ನಾಗೆ ಹೋಗಿ, ಊರಿನವರ ಪರಿಚಯವೇ ಇಲ್ಲದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಹಿಡಿದು, ಡ್ರೈವರ್ ಸೀಟಿನಡಿ ಒಂದು ಗುಟ್ಟಿನ ಸ್ವಿಚ್ಚು ಹಾಕಿಸಿಕೊಂಡು ಬಂದ. ಒಮ್ಮೆ ಒತ್ತಿದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಮೋಟರಿಗೆ ಕರೆಂಟು ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕಳ್ಳ ಬಂದು ಕೀ ತಿರುಗಿಸಿದರೆ ಎಂಜಿನ್ನು ಗರಗರ ತಿರುಗಬೇಕು, ಹೊತ್ತಿಕೊಳ್ಳಬಾರದು, ಕಳ್ಳ ತಲೆ ಚಚ್ಚಿಕೊಳ್ಳಬೇಕು. ಈ ರಾಜರಹಸ್ಯ ಬ್ರಹ್ಮನಿಗೂ ತಿಳಿಯಬಾರದೆಂದು ಎವಾರಿಸ್ತೋ ಕಾರು ಹತ್ತಿದಾಗಲೊಮ್ಮೆ, ಇಳಿಯುವಾಗಲೊಮ್ಮೆ ಶೂ ಲೇಸ್ ಕಟ್ಟುವವನಂತೆ ಬಗ್ಗಿ, ಕಣ್ಣಲ್ಲಿ ನೋಡದೆ, ಬೆರಳಲ್ಲೇ ಒಂದು ಸಲ ಒತ್ತುತ್ತಿದ್ದ.

ಅಂದು ತೊರಾತಾ ಊರಿನ ಚರ್ಚಿನಲ್ಲಿ ಹನ್ನೊಂದು ಗಂಟೆಗೆ ನಾದಿನಿ ನೇಲಿದಾಳ ಮಗುವಿಗೆ ಜ್ಞಾನಸ್ನಾನ. ಮಗುವಿನ ಪದ್ರಿನೋ, ಅಂದರೆ ಧರ್ಮದ ತಂದೆ, ಎವಾರಿಸ್ತೋ. ಐವತ್ತಮೂರು ವರ್ಷದಲ್ಲಿ ಒಬ್ಬರೂ ತಮ್ಮ ಮಗುವನ್ನು ಅವನ ಕೈಗೆ ಕೊಟ್ಟಿರಲಿಲ್ಲ. ನೇಲಿದಾ ಬಂದು ಕೇಳಿದ ದಿನ ಅವನು ಹಿತ್ತಲಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಕಣ್ಣೊರೆಸಿಕೊಂಡಿದ್ದ. ಆಮೇಲೆ ಮಾಮೂಲಿನಂತೆ ಅನುಮಾನ ಶುರುವಾಯಿತು. ಲಿಯೋನ್ಸಿಯೋಗೂ ಆ ಸ್ಥಾನದ ಮೇಲೆ ಕಣ್ಣಿತ್ತಲ್ಲ, ಅವನು ಸುಮ್ಮನಿರುತ್ತಾನೆಯೇ?

ಹತ್ತು ಗಂಟೆಗೆ ಹೊಸ ಸೂಟು ತೊಟ್ಟು ಬಗ್ಗಿ, ಸ್ವಿಚ್ಚು ಒತ್ತಿ, ಕೀ ತಿರುಗಿಸಿದ. ಗರ್ ಗರ್ ಗರ್. ಇನ್ನೊಮ್ಮೆ. ಗರ್ ಗರ್. ಹೊತ್ತಿಕೊಳ್ಳಲಿಲ್ಲ. ಅಷ್ಟರಲ್ಲೇ ಲಿಯೋನ್ಸಿಯೋ ತನ್ನ ಪಿಕಪ್ಪಿನಲ್ಲಿ ಬಂದು, ಬನ್ನಿ ಭಾವ, ನನ್ನ ಗಾಡಿಯಲ್ಲೇ ಹೋಗೋಣ ಎಂದ. ಬಂದ ಸಮಯ ನೋಡಿ! ಕಾರು ಕೆಡಿಸುವುದು, ಆಮೇಲೆ ಉಪಕಾರಿಯಂತೆ ಬಂದು ನಿಲ್ಲುವುದು, ದಾರಿಯಲ್ಲಿ ಎಲ್ಲೋ ಟೈರು ಪಂಕ್ಚರ್ ಎಂದು ಇಳಿಸಿಬಿಡುವುದು. ಎವಾರಿಸ್ತೋಗೆ ಇಡೀ ಸಂಚು ಕನ್ನಡಿಯಲ್ಲಿ ಕಂಡಂತೆ ಕಂಡಿತು. ಬೇಡ ಎಂದ.

ಪಕ್ಕದ ಬೀದಿಯ ಕಾರು ರಿಪೇರಿ ಮೇಸ್ತ್ರಿ ವಿಲ್ಬೆರ್ ಬಂದ. ಎಂಜಿನ್ನಿಗೆ ಗಾಳಿ, ಕಿಡಿ, ಪೆಟ್ರೋಲ್ ಮೂರೇ ಬೇಕಿರುವುದು, ಯಾವುದು ತಪ್ಪಿದೆ ನೋಡೋಣ ಎಂದು ಸ್ಪಾರ್ಕ್ ಪ್ಲಗ್ಗು ಬಿಚ್ಚಿದ. ಕಿಡಿ ನೀಲಿಯಾಗಿ ಚಟಪಟ ಹಾರಿತು. ಪ್ಲಗ್ಗಿನ ತುದಿ ಮೂಸಿ ನೋಡಿದ, ಪೆಟ್ರೋಲ್ ವಾಸನೆಯೇ ಇಲ್ಲ. ಪ್ಲಗ್ಗನ್ನು ಮರಳಿ ಕೂರಿಸಿ, ಹಿಂದಿನ ಸೀಟು ಕಿತ್ತು ಟ್ಯಾಂಕಿಗೆ ಕಿವಿಯಿಟ್ಟು, ಕೀ ತಿರುಗಿಸಿ ಎಂದ. ಗುಂಯ್ ಎನ್ನಬೇಕಾದ ಮೋಟರು ಮೌನವ್ರತದಲ್ಲಿತ್ತು. ಫ್ಯೂಸು ಸರಿಯಾಗಿತ್ತು. ಮೇಸ್ತ್ರಿ ತಲೆಯೆತ್ತಿದ.

“ಎವಾರಿಸ್ತೋ ಸಾಹೇಬ್ರೇ, ಕರೆಂಟು ಮಧ್ಯದಲ್ಲಿ ಎಲ್ಲೋ ಕಟ್ ಆಗಿದೆ. ಗುಟ್ಟಿನ ಸ್ವಿಚ್ಚು ಏನಾದ್ರೂ ಹಾಕ್ಸಿದ್ದೀರಾ?”

ಎವಾರಿಸ್ತೋ ಸುತ್ತ ನೋಡಿದ. ಮೇಸ್ತ್ರಿಯ ಬೆನ್ನ ಹಿಂದೆ ಲಿಯೋನ್ಸಿಯೋ, ಅವನ ಪಕ್ಕ ಎದುರು ಮನೆಯ ಸೋಯ್ಲಾ, ಅವಳ ಹಿಂದೆ ಅರ್ಧ ಬೀದಿ. ಸ್ವಿಚ್ಚನ್ನಂತೂ ತಾನೇ ಒತ್ತಿಯಾಗಿದೆ, ತಪ್ಪು ಅಲ್ಲಿಲ್ಲ. ಹಾಗಿರುವಾಗ ಕಳ್ಳರ ಸಂತೆಯಲ್ಲಿ ಗುಟ್ಟು ಬಿಟ್ಟುಕೊಡಲು ಅವನೇನು ಹುಚ್ಚನೇ?

“ಅಂಥದ್ದೇನೂ ಇಲ್ಲ,” ಎಂದ.

ಸೋಯ್ಲಾ ಕೆಮ್ಮಿದಳು. ಲಿಯೋನ್ಸಿಯೋ ಮೆಲ್ಲಗೆ, “ಭಾವ, ಯಾವುದಕ್ಕೂ ಒಂದ್ಸಲ ಶೂ ಲೇಸ್ ಕಟ್ಕೊಂಡು ನೋಡಿ,” ಎಂದ.

ಲೇಸೇನೋ ಗಟ್ಟಿಯಾಗಿಯೇ ಇತ್ತು. ನಾನು ಬಗ್ಗಲಿ, ಇವನು ಇನ್ನೇನಾದರೂ ಬಿಚ್ಚಲಿ ಎಂದು ತಾನೆ? ಎವಾರಿಸ್ತೋ ಸೆಟೆದು ನಿಂತ. ಲಿಯೋನ್ಸಿಯೋ ಗಡಿಯಾರ ನೋಡಿಕೊಂಡು, ನಾನು ಮುಂದೆ ಹೋಗಿ ಪಾದ್ರಿಗಳನ್ನು ಹೇಗಾದರೂ ತಡೆದು ನಿಲ್ಲಿಸಿರುತ್ತೇನೆ ಎಂದು ಹೊರಟ. ಬಾಡಿಗೆ ಕಾರು ಹಿಡಿಯೋಣ ಎಂದಳು ಎರ್ಮೀನಿಯಾ. ಬಿಚ್ಚಿ ಹರಡಿದ ಕಾರನ್ನು ಮೇಸ್ತ್ರಿಯ ಕೈಗೆ ಕೊಟ್ಟು ಹೋಗುವುದೇ? ಬ್ಯಾಟರಿ ಮರಳಿ ಬರುತ್ತದೆಯೇ ಎಂದು ಎವಾರಿಸ್ತೋ ಒಪ್ಪಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಕರವಸ್ತ್ರವನ್ನು ಹಿಂಡಿದಳು. ಮೇಸ್ತ್ರಿ ನಿಟ್ಟುಸಿರು ಬಿಟ್ಟು ತಂತಿಗಳನ್ನು ಒಂದೊಂದಾಗಿ ತಡವಿ ನೋಡತೊಡಗಿದ.

ಹನ್ನೊಂದು ಹೊಡೆಯಿತು. ಎರ್ಮೀನಿಯಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಹೊಸ ಉಡುಪಿನಲ್ಲೇ ಮಂಡಿಯೂರಿ, ನೇರವಾಗಿ ಸೀಟಿನಡಿ ಕೈ ಹಾಕಿ ಟಕ್ ಎನಿಸಿ, ಕೀ ತಿರುಗಿಸಿದಳು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

“ನಿನ್ನೆ ನೀನು ಮಲಗಿದ್ದಾಗ ಕೇಕ್ ತರೋಕೆ ಹೋಗಿದ್ದೆ,” ಎಂದಳು, ಅವನ ಮುಖ ನೋಡದೆ. “ಬಂದ್ಮೇಲೆ ಆಫ್ ಮಾಡೋದು ಮರೆತೆ. ಬೆಳಿಗ್ಗೆ ನೀನು ಒತ್ತಿದ್ಯಲ್ಲ, ಆಗ ಆಫ್ ಆಗಿದೆ.”

“ನಿನಗೆ ಹೇಗೆ ಗೊತ್ತು ಅದು?”

“ರಬ್ಬರ್ ಚಪ್ಪಲಿ ಹಾಕ್ಕೊಂಡು ದಿನಾ ಲೇಸ್ ಕಟ್ತಿದ್ರೆ ಯಾರಿಗೆ ಗೊತ್ತಾಗಲ್ಲ, ಎವಾರಿಸ್ತೋ? ಇಡೀ ಬೀದಿಗೆ ಗೊತ್ತು.”

ಹಿಂದಿನ ಸೀಟಿಲ್ಲದ ಕಾರಿನಲ್ಲಿ ತೊರಾತಾದ ಏರು ಹತ್ತುವಾಗ ಅವನು ಒಂದೇ ಪ್ರಶ್ನೆ ಕೇಳಿದ. ಗೊತ್ತಿದ್ದವರು ಒಬ್ಬರಾದರೂ ಬಾಯಿಬಿಟ್ಟು ಏಕೆ ಹೇಳಲಿಲ್ಲ?

“ಹೇಳಿದವರೇ ಕೆಡಿಸಿದ್ದು ಅಂತ ನೀನು ಅಂತಿದ್ದೆ,” ಎಂದಳು ಎರ್ಮೀನಿಯಾ. ಅವನು ಹಾಗೆ ಅಂದೇ ಬಿಡುತ್ತಿದ್ದ, ಅದು ಅವನಿಗೂ ಗೊತ್ತಿತ್ತು.

ಚರ್ಚು ತಲುಪುವಾಗ ಎಲ್ಲ ಮುಗಿದಿತ್ತು. ಹನ್ನೆರಡಕ್ಕೆ ಇನ್ನೊಂದೂರಿನಲ್ಲಿ ಮದುವೆ ಮಾಡಿಸಬೇಕಿದ್ದ ಪಾದ್ರಿಗಳು ಅರ್ಧ ಗಂಟೆ ಕಾದು, ಇದ್ದವರಲ್ಲೇ ಒಬ್ಬರು ಮಗು ಹಿಡಿಯಿರಿ ಎಂದಿದ್ದರು. ಲಿಯೋನ್ಸಿಯೋ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದ. ಎವಾರಿಸ್ತೋನ ನಾಲಗೆಯ ತುದಿಯಲ್ಲಿ, ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬ ಮಾತು ಹೊರಬರಲು ಒದ್ದಾಡುತ್ತಿತ್ತು.

ಅಷ್ಟರಲ್ಲಿ ಊರ ಮಕ್ಕಳೆಲ್ಲ ಲಿಯೋನ್ಸಿಯೋನನ್ನು ಮುತ್ತಿದವು. ಜ್ಞಾನಸ್ನಾನ ಮುಗಿದ ಮೇಲೆ ಪದ್ರಿನೋ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಕ್ಕಳಿಗೆ ಚಿಲ್ಲರೆ ಎರಚಬೇಕು. ಎರಚದಿದ್ದರೆ ಮಕ್ಕಳು ಜಿಪುಣ ಪದ್ರಿನೋ ಎಂದು ಕೂಗುತ್ತಾ ಬೀದಿಯುದ್ದಕ್ಕೂ ಮೆರವಣಿಗೆ ಹೊರಡಿಸುತ್ತವೆ. ಲಿಯೋನ್ಸಿಯೋ ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದರಿಂದ ಪ್ಯಾಂಟಿನ ಜೇಬು ಹೊರಗೆಳೆದು ತೋರಿಸಿದ. ಬರಿದು. ಕೋಟಿನ ಜೇಬೂ ಬರಿದು.

“ನಾನು ಬರೀ ಊಟಕ್ಕೆ ಅಂತ ಬಂದೋನು ಕಣ್ರೋ,” ಎಂದು ಗೋಗರೆದ.

ಎವಾರಿಸ್ತೋ ಆ ಖಾಲಿ ಜೇಬುಗಳನ್ನು ಬಹಳ ಹೊತ್ತು ನೋಡಿದ. ಪದ್ರಿನೋ ಆಗಲು ಸಂಚು ಹೂಡಿದವನು ಚಿಲ್ಲರೆಯಿಲ್ಲದೆ ಬರುವುದುಂಟೇ? ವಾರವಿಡೀ ಕೂಡಿಟ್ಟು ತಂದಿದ್ದ ನಾಣ್ಯಗಳನ್ನು ತನ್ನ ಎರಡೂ ಜೇಬಿನಿಂದ ತೆಗೆದು, ಭಾವಮೈದುನನ ಟೋಪಿಗೆ ಸುರಿದ. ಲಿಯೋನ್ಸಿಯೋ ಎರಚಿದ. ಮಕ್ಕಳು ಲಿಯೋನ್ಸಿಯೋಗೆ ಜೈಕಾರ ಹಾಕಿದವು. ಎರ್ಮೀನಿಯಾ ಗಂಡನ ತೋಳು ಹಿಡಿದುಕೊಂಡಳು.

ಒಬ್ಬಳು ಪುಟ್ಟ ಹುಡುಗಿ ಮಾತ್ರ ಅವನ ಮುಂದೆ ನಿಂತು ನೆಲವನ್ನೇ ನೋಡುತ್ತಿದ್ದಳು.

“ತಾತಾ,” ಎಂದಳು ಕೊನೆಗೆ, “ನಾಣ್ಯದ ಮೇಲಿಂದ ಕಾಲು ತೆಗೀರಿ.”